ಅಂಚಿನಲ್ಲಿ ಬರೆದದ್ದು

"ನಿಮ್ಮ ಹೆಸರಾ?" ವಿಲ್ಮಾ ಪೆನ್ನನ್ನು ಕಾಗದದ ಮೇಲೆ ಹಾಗೇ ನಿಲ್ಲಿಸಿ ತಲೆ ಎತ್ತಿದಳು. "ಪಾಸ್ಟರಮ್ಮ, ನೀವು ಯಾವ ಮಣ್ಣಿಗೂ ಮಾತಾಡಿದವರಲ್ಲ. ಅಯ್ಯನೋರು ಹೇಗೂ ಕೊನೇಲಿ ಪ್ರಸಂಗ ಮಾಡ್ತಾರಲ್ಲ."

"ಬರ್ಕೋ ವಿಲ್ಮಾ."

"ಎರಡೇ ನಿಮಿಷ ನೋಡಿ. ಎಲ್ಲರಿಗೂ ಒಂದೇ ರೂಲ್ಸು. ಆಮೇಲೆ ಟೈಮಾಯ್ತು ಅಂತ ನಾನು ಚೀಟಿ ಎತ್ತಿ ತೋರಿಸಿದ್ರೆ ಬೇಜಾರು ಮಾಡ್ಕೋಬಾರ್ದು."

"ಎರಡು ನಿಮಿಷ ಸಾಕು" ಎಂದಳು ಪಾಸ್ಟರ್ ಮೇಬ್ರಿಯವರ ಹೆಂಡತಿ ಕ್ಲೋಡೆಟ್. ಸಾಕೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಅವಳು ಚರ್ಚಿನ ಕೆಲಸ ನೋಡಿಕೊಳ್ಳುವ ವಿಲ್ಮಾಳ ಮೇಜಿಗೆ ಬಂದಿದ್ದು ಹೆಸರು ಬರೆಸುವುದಕ್ಕಲ್ಲ, ಮಣ್ಣಿನ ಕಾರ್ಯಕ್ರಮದ ಹಾಳೆ ತೆಗೆದುಕೊಂಡು ಹೋಗುವುದಕ್ಕೆ. ಹಾಳೆಯ ಮೇಲಿನ ಫೋಟೋದಲ್ಲಿ, ತೀರಿಹೋದ ವರ್ಲೀನ್ ಟಿಬ್ಸ್ ಹಳದಿ ಹ್ಯಾಟು ಹಾಕಿಕೊಂಡು ಬಾಯಿ ತುಂಬ ನಗುತ್ತಿದ್ದಳು. ಒಳಗೆ ಅವಳ ಎಪ್ಪತ್ತೊಂದು ವರ್ಷವನ್ನು ಹದಿನಾಲ್ಕು ಸಾಲಿಗೆ ಇಳಿಸಿದ್ದರು. ಇದೇ ಮೇಕನ್ ಊರಿನಲ್ಲಿ ಹುಟ್ಟಿದ್ದು, ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದ್ದು, ಒಂದು ಸಲವೂ ಅಪಘಾತವಾಗದ್ದು, ಗಂಡ ರೂಫಸ್, ಅಡುಗೆ ಕಮಿಟಿ. ಕ್ಲೋಡೆಟ್ ಎರಡು ಸಲ ಓದಿದ್ದಳು.

"ಭಾನುವಾರದ ಶಾಲೆ ಬಿಟ್ಟುಹೋಗಿದೆಯಲ್ಲ ವಿಲ್ಮಾ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದಾಳೆ."

"ಬಿಟ್ಟುಹೋಗಿಲ್ಲ, ಬಿಡಿಸಿದ್ದು. ರೂಫಸಣ್ಣನೇ ಹೇಳಿದ್ರು. 'ಅದನ್ನ ಹಾಕಿದ್ರೆ, ಯಾಕೆ ತೆಗೆದುಹಾಕಿದ್ರು ಅನ್ನೋದೂ ಜನಕ್ಕೆ ನೆನಪಾಗುತ್ತೆ, ಬೇಡಮ್ಮಾ' ಅಂದ್ರು. ಅಳ್ತಿದ್ರು ಪಾಪ." ಹಾಗೆಂದು ವಿಲ್ಮಾ ಪಾಸ್ಟರಮ್ಮನ ಮುಖ ನೋಡದೆ ಹಾಳೆಗಳನ್ನು ಜೋಡಿಸತೊಡಗಿದಳು.

ಆಗಲೇ ಕ್ಲೋಡೆಟ್ ಹೆಸರು ಬರೆಸಿದ್ದು. ರೂಫಸನಿಗೆ ಒಂದು ನಿಜ ಹೇಳಬೇಕಿತ್ತು. ಹನ್ನೊಂದು ವರ್ಷದ ಹಿಂದೆಯೇ ಹೇಳಬೇಕಿದ್ದ ನಿಜ. ಯಾರ ಮುಂದೆ ಆ ಮನುಷ್ಯನ ಮಾನ ಹೋಗಿತ್ತೋ ಅವರ ಮುಂದೆಯೇ ಹೇಳಬೇಕಿತ್ತು, ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು.

*

ವರ್ಲೀನ್ ಬೆಳಗಿನ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನದವರೆಗೆ ಬಸ್ಸನ್ನು ಚರ್ಚಿನ ಹಿಂದಿನ ಓಕ್ ಮರದ ನೆರಳಿಗೆ ನಿಲ್ಲಿಸಿಕೊಳ್ಳುತ್ತಿದ್ದಳು. ಹದಿನೇಳು ವರ್ಷದ ಹಿಂದೆ ಒಂದು ದಿನ ಕ್ಲೋಡೆಟ್ ಆ ಕಡೆಯಿಂದ ಬರುವಾಗ ಬಸ್ಸಿನೊಳಗೆ ಅಳು ಕೇಳಿಸಿತು. ಅಂಥಿಂಥ ಅಳುವಲ್ಲ, ಹೆಣದ ಮುಂದೆ ಅಳುವಂಥ ಅಳು. ಕ್ಲೋಡೆಟ್ ಗಾಬರಿಯಾಗಿ ಬಾಗಿಲು ಬಡಿದಳು.

"ಯಾರು ಹೋದ್ರು ವರ್ಲೀನ್?"

"ಯಾರೂ ಹೋಗಿಲ್ಲ ಪಾಸ್ಟರಮ್ಮ" ಎಂದು ವರ್ಲೀನ್ ಮೂಗು ಸೀಟಿಕೊಂಡಳು. "ಇವನು ಬಂದ."

"ಯಾರು?"

ಅವಳು ತೊಡೆಯ ಮೇಲಿದ್ದ ಪುಸ್ತಕ ಎತ್ತಿ ತೋರಿಸಿದಳು. ರಟ್ಟಿನ ಮೇಲೆ ಒಬ್ಬ ಕಪ್ಪು ಗಂಡಸು, ಒಬ್ಬಳು ಕಪ್ಪು ಹೆಣ್ಣು, ಇಬ್ಬರ ಹಣೆಗೆ ಹಣೆ ತಾಗಿತ್ತು. ಇಂಥ ಪ್ರೇಮದ ಪುಸ್ತಕಗಳು ಹೆಂಗಸರ ಹಾದಿ ತಪ್ಪಿಸುತ್ತವೆ ಎಂದು ಕ್ಲೋಡೆಟ್ ಹಿಂದಿನ ಮಂಗಳವಾರವಷ್ಟೇ ಮಹಿಳಾ ಸಂಘದಲ್ಲಿ ಅರ್ಧ ಗಂಟೆ ಮಾತಾಡಿದ್ದಳು. ವರ್ಲೀನ್ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದ್ದಳು.

"ಬಯ್ಯಿರಿ, ಆಮೇಲೆ ಬಯ್ಯಿರಿ. ಮೊದಲು ಕೇಳಿ" ಎಂದಳು ವರ್ಲೀನ್. "ಇವಳಿಗೆ ಆಪರೇಷನ್ ಆಗಿ ಕೈ ಎತ್ತೋಕಾಗಲ್ಲ. ಇವನು ಬಂದು ಸ್ಟೂಲ್ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಎಳೆ ಎಳೆಯಾಗಿ ಸಿಕ್ಕು ಬಿಡಿಸ್ತಾನೆ. ಎರಡು ಪುಟ ಬರೀ ಅದೇ! ನಾವು ಓದಿದ ಕತೇಲೆಲ್ಲ ನಮ್ಮಂಥ ಕಪ್ಪು ಹೆಂಗಸು ಯಾಕಿರ್ತಾಳೆ ಹೇಳಿ? ಇನ್ನೊಬ್ಬರ ಮಗು ಎತ್ಕೊಳ್ಳೋಕೆ, ಏಟು ತಿನ್ನೋಕೆ, ಸಾಯೋಕೆ. ಇಲ್ಲಿ ಅವಳಿಗೆ ಏನೂ ಆಗಲ್ಲ. ಸುಮ್ನೆ ಪ್ರೀತಿಸ್ತಾರೆ ಅಷ್ಟೇ. ಅದಕ್ಕೇ ಅಳು ಬಂತು, ಏನೀಗ?"

"ಕೊಡು ಇಲ್ಲಿ" ಎಂದಳು ಕ್ಲೋಡೆಟ್ ಗಂಭೀರವಾಗಿ. "ಏನು ವಿಷ ಇದೆ ಅಂತ ನಾನೇ ನೋಡ್ತೀನಿ."

ನಾಲ್ಕೇ ದಿನಕ್ಕೆ ಪುಸ್ತಕ ವಾಪಸು ತಂದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಹಿಂದೆ ಮುಂದೆ ನೋಡಿ, "ಇದರ ಎರಡನೇ ಭಾಗ ಇದೆಯಾ?" ಎಂದು ಪಿಸುಗುಟ್ಟಿದಳು. ವರ್ಲೀನ್ ಸ್ಟೀರಿಂಗ್ ಮೇಲೆ ಬಿದ್ದು ನಕ್ಕಿದ್ದಕ್ಕೆ ಹಾರ್ನ್ ಕೂಗಿ, ಎದುರು ಮನೆಯ ನಾಯಿಗಳೆಲ್ಲ ಬೊಗಳಿದವು.

ಆರು ವರ್ಷ ಹೀಗೆ ನಡೆಯಿತು. ವರ್ಲೀನ್ ಪುಟದ ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. 'ಬೇಡ ಕಣೇ, ಅವನನ್ನ ಒಳಗೆ ಬಿಟ್ಕೋಬೇಡ!' 'ಹೇಳಿದೆ ತಾನೆ? ಅನುಭವಿಸು.' 'ಈ ಪುಟ ಓದಿ ಎರಡು ಸ್ಟಾಪು ದಾಟಿಹೋದೆ.' ಕ್ಲೋಡೆಟ್ ಅದರ ಕೆಳಗೆ ಹಸಿರು ಶಾಯಿಯಲ್ಲಿ ಉತ್ತರ ಬರೆಯುತ್ತಿದ್ದಳು, ಮೊದಮೊದಲು ತಿದ್ದುವವಳ ಹಾಗೆ, ಆಮೇಲೆ ಹರಟೆ ಹೊಡೆಯುವವಳ ಹಾಗೆ. ಪಾಸ್ಟರನ ಹೆಂಡತಿ ಎಂದಮೇಲೆ ಎಲ್ಲರ ದುಃಖ ಕೇಳಬೇಕು, ತನ್ನದನ್ನು ಹೇಳುವಂತಿಲ್ಲ. ಆ ಎರಡು ಬೆರಳಗಲದ ಅಂಚಿನಲ್ಲಿ ಮಾತ್ರ ಅವಳು ಹೇಳಿಕೊಂಡಳು. ಒಂದು ಕಾದಂಬರಿಯಲ್ಲಿ ಗಂಡ ಕೆಲಸದಿಂದ ಬಂದವನು ಹೆಂಡತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿಯುವ ಪುಟವಿತ್ತು. ಅಲ್ಲಿ ಬರೆದಳು: 'ಹತ್ತೊಂಬತ್ತು ವರ್ಷದಿಂದ ನನ್ನ ಮುಖವನ್ನು ಯಾರೂ ಹೀಗೆ ಮುಟ್ಟಿಲ್ಲ.'

ಆ ಪುಸ್ತಕವನ್ನೇ ಅವಳು ಚರ್ಚಿನ ಅಡುಗೆಮನೆಯಲ್ಲಿ, ಕೇಕಿನ ಡಬ್ಬಿಯ ಕೆಳಗೆ ಮರೆತುಬಂದಳು. ಮರೆತವಳು ವರ್ಲೀನ್ ಅಲ್ಲ, ಅವಳೇ.

*

ಚರ್ಚಿನ ಆಡಳಿತ ನೋಡುವ ಡೀಕನ್ ಪರ್ನೆಲ್ ಬುಧವಾರದ ಪ್ರಾರ್ಥನೆ ಮುಗಿದ ಮೇಲೆ ಸಭೆಯ ಮುಂದೆ ಪುಸ್ತಕ ಹಿಡಿದು ನಿಂತ. ಕೆಟ್ಟವನೇನಲ್ಲ, ಆದರೆ ಇನ್ನೊಬ್ಬರ ತಪ್ಪು ಕೈಗೆ ಸಿಕ್ಕರೆ ಅವನಿಗೆ ದನಿ ದಪ್ಪವಾಗುತ್ತಿತ್ತು. ನೀಲಿ ಅಕ್ಷರಗಳನ್ನು ಬಿಟ್ಟು ಹಸಿರಿನ ಆ ಒಂದು ಸಾಲನ್ನು ಗಟ್ಟಿಯಾಗಿ ಓದಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾಸ್ಟರ್ ಮೇಬ್ರಿ ಪುಟದ ಕಡೆ ಒಮ್ಮೆ ಕಣ್ಣು ಹಾಯಿಸಿ, "ಮುಚ್ಚಿಡಿ ಅದನ್ನ" ಎಂದರು. "ಯಾರದು?"

ಏಳು, ಏಳು ಎಂದು ಕ್ಲೋಡೆಟ್ ತನಗೇ ಹೇಳಿಕೊಂಡಳು. ಏಳಲಿಲ್ಲ.

"ನಂದು" ಎಂದು ವರ್ಲೀನ್ ಎದ್ದಳು.

"ನೀಲಿ, ಹಸಿರು ಎರಡು ಬಣ್ಣದಲ್ಲಿ ಬರೆದಿದೆಯಲ್ಲಮ್ಮಾ?"

"ಒಂದೇ ಬಣ್ಣ ಬೇಜಾರು ಡೀಕನ್ನೋರೇ."

ಆ ಭಾನುವಾರವೇ ಮಕ್ಕಳ ತರಗತಿಯನ್ನು ಅವಳಿಂದ ತೆಗೆದರು. ಆದರೆ ಕ್ಲೋಡೆಟ್ಟಳಿಗೆ ಮರೆಯಲಾಗದೆ ಉಳಿದದ್ದು ಅದಲ್ಲ. ವರ್ಲೀನಳ ಪಕ್ಕದಲ್ಲಿ ರೂಫಸ್ ಕೂತಿದ್ದ. ಟೈರು ಅಂಗಡಿಯಲ್ಲಿ ದುಡಿಯುವ ಭಾರೀ ಆಳು. ಓದಿದ ಆ ಸಾಲು ಕೇಳಿ ಅವನು ಸಿಟ್ಟಾಗಲಿಲ್ಲ. ತನ್ನೆರಡು ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಇವೇನಾ ಆ ಕೈಗಳು ಎಂಬಂತೆ ನೋಡುತ್ತ ಕೂತುಬಿಟ್ಟ.

ಮರುದಿನ ಕ್ಲೋಡೆಟ್ ಬಸ್ಸಿನ ಹತ್ತಿರ ಹೋದಳು. ಕ್ಷಮೆ ಕೇಳಬೇಕೆಂದೇ ಹೋದದ್ದು.

"ಬಿಡಿ ಪಾಸ್ಟರಮ್ಮ" ಎಂದಳು ವರ್ಲೀನ್. "ನಿಮಗಾದ್ರೆ ಮನೆ, ಚರ್ಚು ಎಲ್ಲಾ ಹೋಗುತ್ತೆ. ನಂಗೆ ಹೋಗೋದು ಒಂದು ಕ್ಲಾಸು ತಾನೆ? ನಾನು ಯಾರಿಗೂ ಹೇಳಲ್ಲ."

ಕ್ಷಮೆಯ ಮಾತು ಕ್ಲೋಡೆಟ್ಟಳ ಬಾಯಿಗೆ ಬರಲೇ ಇಲ್ಲ. ಬಂದದ್ದು ಬೇರೆ ಮಾತು. "ರೂಫಸ್‌ಗೂ ಹೇಳಲ್ಲ ತಾನೆ?"

"ರೂಫಸ್‌ಗೂ ಹೇಳಲ್ಲ" ಎಂದು ವರ್ಲೀನ್ ಬಸ್ಸು ಚಾಲೂ ಮಾಡಿದಳು.

ಅಲ್ಲಿಂದ ಮುಂದೆ ಪುಸ್ತಕ ಕೈ ಬದಲಾಗಲಿಲ್ಲ. ಎದುರು ಸಿಕ್ಕರೆ ಕ್ಲೋಡೆಟ್ ದೂರದಿಂದಲೇ ಕೈ ಬೀಸಿ ಬೇರೆ ಕಡೆ ತಿರುಗುತ್ತಿದ್ದಳು. ಮಾಡಿದ ತಪ್ಪಿಗಿಂತ ಆ ಕೈ ಬೀಸುವುದೇ ಅವಳಿಗೆ ಹೆಚ್ಚು ನಾಚಿಕೆ ತರುತ್ತಿತ್ತು. ಆದರೂ ಬೀಸಿದಳು, ಹನ್ನೊಂದು ವರ್ಷ.

*

ಮಣ್ಣಿನ ದಿನ ಚರ್ಚಿನಲ್ಲಿ ಮಾತಾಡುವವರ ಸರದಿ ಶುರುವಾಗಿತ್ತು. ಪೊಲೀಸ್ ಸಮವಸ್ತ್ರದ ಒಬ್ಬ, "ನಾನು ಬಸ್ಸಲ್ಲಿ ಜಗಳ ಮಾಡಿದ್ರೆ ಗಕ್ಕಂತ ಬ್ರೇಕ್ ಹಾಕಿ, 'ನಿಮ್ಮಜ್ಜಿ ನಂಬರ್ ನಂಗೆ ಬಾಯಿಪಾಠ ಕಣೋ' ಅನ್ನೋರು. ಈಗ್ಲೂ ಯಾರಾದ್ರೂ ಬ್ರೇಕ್ ಹಾಕಿದ್ರೆ ನಂಗೆ ಭಯ" ಎಂದ. ಚರ್ಚು ಗೊಳ್ಳೆಂದಿತು. ರೂಫಸನೂ ನಕ್ಕು ಕಣ್ಣೊರೆಸಿಕೊಂಡ.

"ಪಾಸ್ಟರಮ್ಮ" ಎಂದು ಕರೆದಳು ವಿಲ್ಮಾ.

ಗುಸುಗುಸು ಎದ್ದಿತು. ಪೀಠದ ಮೇಲೆ ಕುರ್ಚಿಯಲ್ಲಿ ಕೂತಿದ್ದ ಪಾಸ್ಟರ್ ಮೇಬ್ರಿ ಹುಬ್ಬೇರಿಸಿದರು. ಕ್ಲೋಡೆಟ್ ಮೂರು ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತಳು. ಅಲ್ಲಿಂದ ಪೆಟ್ಟಿಗೆಯೊಳಗಿನ ಮುಖ ಚೆನ್ನಾಗಿ ಕಾಣುತ್ತಿತ್ತು. ನೋಡಬಾರದಿತ್ತು, ನೋಡಿದಳು.

"ನಾನು ರೂಫಸಣ್ಣನ ಹತ್ರ ಮಾತಾಡ್ಬೇಕು" ಎಂದಳು. "ಹನ್ನೊಂದು ವರ್ಷದ ಹಿಂದೆ ಇಲ್ಲಿ ಒಂದು ಪುಸ್ತಕದಿಂದ ಒಂದು ಸಾಲು ಓದಿದ್ರು. ಅದು ವರ್ಲೀನ್ ಬರೆದದ್ದಲ್ಲ. ನಾನು ಬರೆದದ್ದು. ಪುಸ್ತಕ ಅಲ್ಲಿ ಬಿಟ್ಟುಬಂದವಳೂ ನಾನೇ. ಅವಳು ನನ್ನ ಉಳಿಸಿದಳು. ನಾನು ಬಾಯಿ ಮುಚ್ಕೊಂಡು ಕೂತಿದ್ದೆ."

ಹೇಳಿದ ಮೇಲೆ ಛಾವಣಿ ಕುಸಿಯುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಯಾರೂ ಹೌಹಾರಲಿಲ್ಲ, ಯಾರೂ ಪಕ್ಕದವರ ಕಡೆ ತಿರುಗಲಿಲ್ಲ. ಎರಡನೇ ಸಾಲಿನಿಂದ ತೊಂಬತ್ತಮೂರು ವರ್ಷದ ಲೂವಿನಿಯಾ ಅಜ್ಜಿ, ಪ್ರಸಂಗದ ನಡುವೆ 'ಆಮೆನ್' ಎನ್ನುವ ಅದೇ ದನಿಯಲ್ಲಿ ಹೇಳಿದಳು:

"ಗೊತ್ತು ಕಣಮ್ಮಾ. ಮುಂದೆ ಹೇಳು."

"ಗೊತ್ತು?"

"ಪ್ರತಿ ವರ್ಷ ಈ ಚರ್ಚಿನ ಇನ್ನೂರು ಜನಕ್ಕೆ ಹುಟ್ಟುಹಬ್ಬದ ಕಾರ್ಡು ಹಸಿರು ಶಾಯೀಲಿ ಬರೀತಿದ್ದೋಳು ನೀನು. ಆ ಬುಧವಾರ ಆಗಿ ಎಂಟು ದಿನಕ್ಕೆ ನಂಗೆ ಬಂದ ಕಾರ್ಡು ನೀಲಿ ಶಾಯೀದು. ನಾವೇನು ಕುರುಡರೇ ತಾಯಿ?"

ಕ್ಲೋಡೆಟ್ ಮೈಕಿನ ಕಂಬ ಹಿಡಿದುಕೊಂಡಳು. ಸಾಲು ಸಾಲಾಗಿ ಮುಖಗಳನ್ನು ನೋಡಿದಳು. ಡೀಕನ್ ಪರ್ನೆಲ್ ಕಣ್ಣು ತಪ್ಪಿಸಿದ. ವಿಲ್ಮಾ ತನ್ನ ಚೀಟಿಯನ್ನು ನೋಡುತ್ತಿದ್ದಳು. ಇಷ್ಟು ವರ್ಷ ಇವಳು ಬಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಇಡೀ ಸಭೆ ಮಡಿಲಲ್ಲಿ ಕಟ್ಟಿಕೊಂಡು ಸುಮ್ಮನಿತ್ತು.

"ನಂಗೆ ಗೊತ್ತಿರಲಿಲ್ಲ" ಎಂದಿತು ಒಂದು ಗಂಡು ದನಿ.

ಮೊದಲ ಸಾಲಿನಲ್ಲಿ ರೂಫಸ್ ಎದ್ದು ನಿಂತಿದ್ದ. ಅಜ್ಜಿಯ ಕಡೆ ತಿರುಗಿದ, ಹಿಂದಿನ ಸಾಲುಗಳ ಕಡೆ ತಿರುಗಿದ. "ನಿಮಗೆಲ್ಲ ಗೊತ್ತಿತ್ತಾ? ಎಲ್ಲರಿಗೂ?"

ಈಗ ಅಜ್ಜಿಯೂ ತಲೆ ತಗ್ಗಿಸಿದಳು.

"ನನಗೆ ಅಕ್ಷರ ಅಷ್ಟಾಗಿ ಬರಲ್ಲ. ಕಾರ್ಡೆಲ್ಲ ಅವಳೇ ಓದಿ ಹೇಳೋಳು" ಎಂದ ರೂಫಸ್. "ಅವತ್ತಿನ ಮಾರನೇ ದಿನದಿಂದ, ಅವಳು ಬಸ್ಸು ಹತ್ತೋ ಮುಂಚೆ, ಬಿಸಿನೀರಲ್ಲಿ ಕೈ ತೊಳ್ಕೊಂಡು, ಒರಟಾಗಿ ಚುಚ್ಚಬಾರ್ದು ಅಂತ ವ್ಯಾಸಲೀನ್ ಹಚ್ಕೊಂಡು, ಅವಳ ಮುಖ ಹಿಡ್ಕೊಳ್ತಿದ್ದೆ. ದಿನಾ. ಕೆಲಸ ಬಿಟ್ಟ ಮೇಲೂ ಬಿಡಲಿಲ್ಲ. ಅವಳು ನಗೋಳು. ಯಾಕೆ ನಗ್ತೀಯೆ ಅಂದ್ರೆ ಹೇಳ್ತಿರಲಿಲ್ಲ. ಹತ್ತೊಂಬತ್ತು ವರ್ಷ ಕಳ್ಕೊಂಡಿದೀನಿ, ಹನ್ನೊಂದಾದ್ರೂ ಕೊಟ್ಟೆ, ಇನ್ನು ಎಂಟಿದೆ ಅಂತ ಲೆಕ್ಕ ಹಾಕ್ತಿದ್ದೆ. ಹೋದ ಶುಕ್ರವಾರಾನೂ 'ಈಗ ಸಾಕಾ?' ಅಂತ ಕೇಳಿದೆ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ರೂಫಸಣ್ಣ, ಅವಳಿಗೆ ಏನೂ ಕಡಿಮೆ ಆಗಿರಲಿಲ್ಲ" ಎಂದಳು ಕ್ಲೋಡೆಟ್. ಅಳು ತಡೆಯಲಿಲ್ಲ, ತಡೆಯುವ ಯೋಚನೆಯೂ ಬರಲಿಲ್ಲ. "ಅದೇ ಪುಟದಲ್ಲಿ ನನ್ನ ಸಾಲಿನ ಮೇಲೆ ಅವಳ ಸಾಲಿತ್ತು, ನೀಲಿ ಪೆನ್ಸಿಲಲ್ಲಿ. ಅದನ್ನ ಅವತ್ತು ಓದಲಿಲ್ಲ. ನಂಗೆ ಬಾಯಿಪಾಠ ಬರುತ್ತೆ, ಹೇಳ್ಲಾ?"

ಅವನು ತಲೆಯಾಡಿಸಿದ.

"'ನಮ್ಮ ರೂಫಸನಿಗೆ ಈ ಪುಸ್ತಕದವನ ಥರ ಮಾತು ಬರಲ್ಲ. ಆದ್ರೆ ಚಳಿಗಾಲದಲ್ಲಿ ಐದು ಗಂಟೆಗೆದ್ದು ನನ್ನ ಬಸ್ಸಿನ ಗಾಜಿನ ಮೇಲಿನ ಹಿಮ ಕೆರೆದಿಟ್ಟು, ಮಾಡೇ ಇಲ್ಲ ಅನ್ನೋ ಹಾಗೆ ಬಂದು ಮಲಗ್ತಾನೆ. ನಾನೂ ಗೊತ್ತಿಲ್ಲದವಳ ಥರ ಮಲಗಿರ್ತೀನಿ. ಕಾದಂಬರಿ ಬರೆಯೋರು ಒಂದ್ಸಲ ನಮ್ಮನೆಗೆ ಬರಬೇಕು.' ಅದರ ಕೆಳಗೆ ನಾನು ನಂದು ಬರೆದೆ. ಹೊಟ್ಟೆಕಿಚ್ಚು ತಡೀಲಾರದೆ ಬರೆದೆ."

ರೂಫಸ್ ಬಾಯಿ ತೆರೆದು ಏನೋ ಹೇಳಹೊರಟವನು ನಕ್ಕುಬಿಟ್ಟ. ಹಾಗೇ ಅತ್ತ. "ಎದ್ದಿರ್ತಿದ್ದಳಾ?" ಎಂದು ಪೆಟ್ಟಿಗೆಯ ಕಡೆ ತಿರುಗಿದ. "ಎದ್ದಿರ್ತಿದ್ದೆಯೇನೇ ಕಳ್ಳೀ?" ಹಾಗೆಂದು ನಿಧಾನವಾಗಿ ಕೂತ. ಅಜ್ಜಿ ಮುಂದಕ್ಕೆ ಬಾಗಿ ಅವನ ಭುಜದ ಮೇಲೆ ಕೈ ಇಟ್ಟಳು. ಅವನು ಆ ಕೈಯನ್ನು ಮೆಲ್ಲಗೆ ತೆಗೆದಿಟ್ಟ.

ಇಷ್ಟು ವರ್ಷ ಎಲ್ಲರೂ ಒಳಗೇ ಇಟ್ಟುಕೊಂಡಿದ್ದ ಲೆಕ್ಕ ಆಗ ಇಡೀ ಚರ್ಚಿನ ಎದುರಿಗೆ ಬಂತು. ಆ ಸಾಲು ವರ್ಲೀನಳದ್ದಲ್ಲ ಎಂದಮೇಲೆ ಆ ಹತ್ತೊಂಬತ್ತು ವರ್ಷ ಯಾರ ಮನೆಯದು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕಣ್ಣುಗಳು ಮಾತ್ರ ಒಂದೊಂದಾಗಿ ಪೀಠದ ಕುರ್ಚಿಯ ಕಡೆ ಹೋದವು.

ಪ್ರಸಂಗದ ಹೊತ್ತಾಗಿತ್ತು. ಪಾಸ್ಟರ್ ಮೇಬ್ರಿ ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಬಂದರು. ಅವರ ಕಣ್ಣಲ್ಲಿ ಆಶ್ಚರ್ಯವಿರಲಿಲ್ಲ. ಆ ಬುಧವಾರ ಪುಟದ ಮೇಲೆ ಹಾಯಿಸಿದ ಆ ಒಂದೇ ನೋಟದಲ್ಲಿ ಇವರೂ ತನ್ನ ಅಕ್ಷರ ಗುರುತು ಹಿಡಿದಿದ್ದರು ಎಂದು ಕ್ಲೋಡೆಟ್ಟಳಿಗೆ ಆಗ ತಿಳಿಯಿತು. ತಿಳಿದೂ ವರ್ಲೀನಳ ತರಗತಿ ತೆಗೆದಿದ್ದರು. ತಿಳಿದೂ ಮನೆಗೆ ಬಂದು ಊಟಕ್ಕೆ ಕೂತಿದ್ದರು.

ಇಬ್ಬರೂ ಮೈಕಿನ ಪಕ್ಕ ಎದುರುಬದುರಾದರು. ಅವಳ ಮುಖವೆಲ್ಲ ಒದ್ದೆಯಾಗಿತ್ತು, ಕಣ್ಣಿನ ಕಪ್ಪು ಗಲ್ಲದವರೆಗೆ ಇಳಿದಿತ್ತು. ಒರೆಸಿಕೊಳ್ಳಲಿಲ್ಲ. ಪಾಸ್ಟರರ ಬಲಗೈ ಬೈಬಲ್ಲನ್ನು ಬಿಟ್ಟು ಮೇಲೆದ್ದಿತು. ಅವಳ ಕೆನ್ನೆಗೆ ಒಂದು ಗೇಣು ದೂರದಲ್ಲಿ ನಿಂತಿತು. ಹಿಂದಿನ ಸಾಲಿನವರೂ ಕತ್ತು ಎತ್ತಿ ನೋಡಿದರು. ಆಮೇಲೆ ಆ ಕೈ ಅವಳನ್ನು ದಾಟಿ ಮುಂದೆ ಹೋಗಿ, ಮೈಕನ್ನು ಹಿಡಿದು, ತಮ್ಮ ಎತ್ತರಕ್ಕೆ ಸರಿಮಾಡಿಕೊಂಡಿತು.