ಎರಡು ತಲೆಯ ಟಗರು

ಶ್ಕೋದ್ರಾ ಪೇಟೆಯ ಮೇಲಿನ ಬೆಟ್ಟಗಳಲ್ಲಿ ಒಂದೇ ಟಗರು ಕಡಿದು ಎರಡು ತಲೆ ಬಡಿಸಿದ ಗಂಡಸು ನಾನೊಬ್ಬನೇ. ಆ ಟಗರಿಗೆ ಹುಟ್ಟಿನಿಂದಲೇ ಎರಡು ತಲೆ. ಒಂದು ಮೇಯುವಾಗ ಇನ್ನೊಂದು ತೋಳ ಬರುತ್ತದೆಯೇ ಎಂದು ಕಾಯುತ್ತಿತ್ತು. ಇನ್ನು ನನ್ನ ಮಂದೆ ಗುಡ್ಡ ಹತ್ತಿತೆಂದರೆ, ಕೆಳಗಿನ ಊರಿನವರು ಹಿಮ ಬಿತ್ತೆಂದುಕೊಂಡು ಸೌದೆ ಒಟ್ಟುತ್ತಿದ್ದರು.

ಗೌರವ ಯಾರಿಗೆ ಬೇಕಾದರೂ ಇದ್ದೀತು, ಗೌರವಿಸುವುದು ಎಲ್ಲರಿಗೂ ಬರುವುದಿಲ್ಲ. ನಮ್ಮಲ್ಲಿ ಅತಿಥಿಯನ್ನು ಗೌರವಿಸುವುದೆಂದರೆ ಬೇಯಿಸಿದ ಕುರಿತಲೆಯನ್ನು ಅವನ ಮುಂದಿಡುವುದು. ತಲೆ ಬಂತೆಂದರೆ ಅವನಿಗಾಗಿ ಇಡೀ ಕುರಿ ಕಡಿದಿದ್ದಾರೆ ಎಂದೇ ಲೆಕ್ಕ. ನನ್ನ ಮಗಳು ಮ್ರಿಕಾಳ ಮದುವೆ ಮಾತಿಗೆ ಹುಡುಗನ ಅಪ್ಪ ಪಾಷ್ಕ್, ದೊಡ್ಡಪ್ಪ ಗ್ಯೆಲೋಷ್ ಇಬ್ಬರೂ ಬರುತ್ತೇವೆಂದು ಹೇಳಿ ಕಳಿಸಿದ್ದರು. ತಲೆಯನ್ನು ಅಪ್ಪನಿಗಿಟ್ಟರೆ ದೊಡ್ಡಪ್ಪ ಮುನಿಸಿಕೊಂಡು ಏಳುತ್ತಾನೆ, ದೊಡ್ಡಪ್ಪನಿಗಿಟ್ಟರೆ ಅಪ್ಪ. ಯಾರೆದ್ದರೂ ಸಂಬಂಧ ಮುರಿದ ಹಾಗೆಯೇ. ಮ್ರಿಕಾಳೋ, ಆ ಹುಡುಗನನ್ನು ಬಿಟ್ಟು ಬೇರೆಯವನ ಹೆಸರೆತ್ತಿದರೆ ನನ್ನ ಕಾಫಿಗೆ ಉಪ್ಪು ಹಾಕುತ್ತಿದ್ದಳು.

ಹಾಗಾಗಿ ಇಬ್ಬರ ಮುಂದೆಯೂ ಒಂದೊಂದು ತಲೆ ಇಟ್ಟೆ. ಜೊತೆಗೆ ಟಗರಿನ ಕಥೆಯನ್ನೂ ಬಡಿಸಿದೆ. ಬೀಗರು ರಾಕಿ ಸಾರಾಯಿ ಹೀರುತ್ತ ಕೆನ್ನೆ ತಿಂದರು, ನಾಲಿಗೆ ತಿಂದರು, ಬುರುಡೆ ಒಡೆದು ಮಿದುಳನ್ನೂ ತಿಂದರು. ಆಮೇಲೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತರು. ನಾನು ಮಳೆಯ ಬಗ್ಗೆ ಮಾತಾಡಿದೆ, ಪಾದ್ರಿಯ ಕತ್ತೆಯ ಬಗ್ಗೆ ಮಾತಾಡಿದೆ. ಕೊನೆಗೆ ನನ್ನ ಹೆಂಡತಿ ದಿಲಾ ಒಂದು ಪಾತ್ರೆ ತಂದಿಟ್ಟಳು. ಬರೀ ಕಾಳಿನ ಸಾರು.

ಗ್ಯೆಲೋಷ್ ಸೌಟು ಹಾಕಿ ತಳದವರೆಗೂ ಕೆದಕಿದ.

“ಬೀಗರೇ, ಎರಡು ತಲೆ ಇದ್ದ ಟಗರಿಗೆ ಒಂದು ಕಾಲೂ ಇರ್ಲಿಲ್ವಾ?”

“ಮಿಕ್ಕಿದ್ದನ್ನ ತೋಳ ಹೊತ್ಕೊಂಡು ಹೋಯ್ತು,” ಎಂದೆ.

“ಒಂದು ತಲೆ ಕಾಯ್ತಾನೇ ಇತ್ತಲ್ಲ,” ಎಂದ ಪಾಷ್ಕ್.

ಒಳಗಿನಿಂದ ಮ್ರಿಕಾ “ಅಪ್ಪಾ” ಎಂದಳು, ಅಷ್ಟೇ. ಉಪ್ಪಿನ ಡಬ್ಬಿ ಸದ್ದಾಯಿತು.

ಪಾಷ್ಕ್ ತಟ್ಟೆ ಪಕ್ಕಕ್ಕೆ ಸರಿಸಿದ. “ನಾವು ಬಂದಿದ್ದು ಹುಡುಗಿನ ಕೇಳೋಕೆ, ಮಾಂಸ ತಿನ್ನೋಕಲ್ಲ. ನೀವು ನಿಜ ಹೇಳಿದ್ರೆ, ಮ್ರಿಕಾ ನಮ್ಮನೆ ಸೊಸೆ. ಇನ್ನೊಂದು ಸುಳ್ಳು ಬಂತೋ, ನಾವು ಎದ್ವಿ.”

ನನಗಿದ್ದದ್ದು ಒಂದೇ ತಲೆ. ಅದನ್ನು ತಗ್ಗಿಸಿದೆ.

“ಟಗರೇ ಇರ್ಲಿಲ್ಲ ಬೀಗರೇ. ಮಂದೆನೂ ಇಲ್ಲ. ಇರೋದು ಒಂದು ಮುದಿ ಮೇಕೆ, ಅದೂ ಇವಳ ತವರಿಂದ ಬಂದಿದ್ದು. ತಲೆ ಎರಡೂ ಪೇಟೆ ಕಸಾಯಿ ಅಂಗಡೀವು.”