ಹೆಡ್‌ಲೈಟಿನ ಜಾಯಿಂಟು

ನಾಗಮಂಗಲದ ಬಸ್‌ಸ್ಟ್ಯಾಂಡ್ ಹಿಂದಿನ ಇಸ್ರಾರನ ಅಂಗಡಿಗೆ ತಿಮ್ಮರಾಜು ಬಂದಾಗ ಅವನ ತಲೆಯ ಹೊಲಿಗೆ ಬಿಚ್ಚಿ ಹದಿನೈದು ದಿನವಾಗಿತ್ತು. ಹೆಂಡತಿ ಚಲುವಮ್ಮನನ್ನು ಮಣ್ಣು ಮಾಡಿ ಒಂದೂವರೆ ತಿಂಗಳು. ಹೆಗಲ ಟವೆಲ್ಲನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು ಬೆಂಚಿನ ತುದಿಗೆ ಕೂತ. ಇಸ್ರಾರನೂ ಅವನೂ ಹೈಸ್ಕೂಲಿನಲ್ಲಿ ಜೊತೆಯಲ್ಲಿ ಓದಿದವರು. ತಿಮ್ಮರಾಜು ದೇವಲಾಪುರದಲ್ಲಿ ರಾಗಿ ಹೊಲ, ಹಸು ಎಂದು ಉಳಿದ. ಇಸ್ರಾರ್ ಗಾಡಿಗಳ ವೈರಿಂಗ್ ಕೆಲಸ ಕಲಿತ.

ಅಪಘಾತವಾದ ಕಾರನ್ನು ಪೊಲೀಸರು ಬಿಟ್ಟುಕೊಟ್ಟಿದ್ದಾರೆ, ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ, ಗುಜರಿಗೆ ಹಾಕುವ ಮುಂಚೆ ನೀನೊಮ್ಮೆ ನೋಡಬೇಕು ಎಂದ ತಿಮ್ಮರಾಜು.

"ಲೈಟ್ ಆಕಿದ್ನೋ ಇಲ್ವೋ, ಅದೊಂದು ನೋಡ್ಲಾ ಇಸ್ರಾರು. ನಂಗೆ ಏನೂ ಗ್ಯಾಪ್ಕ ಇಲ್ಲ. ಮಗಳು ನನ್ ಮಖ ನೋಡಿ ಮಾತಾಡ್ತಾ ಇಲ್ಲ."

ಆ ಸಂಜೆ ಗಂಡ ಹೆಂಡತಿ ಸಿಂಧಘಟ್ಟದ ನಾಮಕರಣ ಮುಗಿಸಿಕೊಂಡು ಬರುತ್ತಿದ್ದರು. ಮುಖ ಕಾಣದಷ್ಟು ಮಬ್ಬಾಗಿತ್ತು. ತಿರುವಿನಲ್ಲಿ ಪಂಚರ್ ಆಗಿ ನಿಂತಿದ್ದ ಕಬ್ಬಿನ ಟ್ರಾಕ್ಟರಿಗೆ ಕಾರು ಹಿಂದಿನಿಂದ ನುಗ್ಗಿತು. ಕಾರು ಲೈಟಿಲ್ಲದೆ ಬಂತು ಎಂದು ಟ್ರಾಕ್ಟರಿನವನು ಠಾಣೆಯಲ್ಲಿ ಬರೆಸಿದ. ಡಿಗ್ರಿ ಓದುತ್ತಿದ್ದ ಮಗಳು ಹೇಮಶ್ರೀ ಅದನ್ನೇ ನಂಬಿದಳು. ಅಪ್ಪ ಊಟಕ್ಕೆ ಕೂತರೆ ಬಡಿಸಿಟ್ಟು ಒಳಗೆ ಹೋಗಿಬಿಡುತ್ತಿದ್ದಳು.

"ಆವತ್ತು ಬೆಳಗ್ಗೆ ಲೈಟ್ ನೀನೇ ರಿಪೇರಿ ಮಾಡಿದ್ದಂತಲ್ಲ," ತಿಮ್ಮರಾಜು ತಲೆಯೆತ್ತದೆ ಹೇಳಿದ. "ನೀ ಮಾಡಿದ್ ಕೆಲ್ಸ ಕೆಡಾಕಿಲ್ಲ. ನಾನೇ ಮರ್ತಿರ್ಬೇಕು."

ಇಸ್ರಾರ್ ವೈರಿನಲ್ಲಿ ಕರೆಂಟು ಇದೆಯೋ ಎಂದು ನೋಡುವ ಟೆಸ್ಟ್ ಲ್ಯಾಂಪು ತೆಗೆದುಕೊಂಡು ಎದ್ದ.

ಶೆಡ್ಡಿನಲ್ಲಿ ಒಬ್ಬನೇ ಕಾರಿನ ಬಾಗಿದ ಬಾನೆಟ್ಟನ್ನು ಸಲಾಕೆಯಿಂದ ಮೀಟಿ ಎತ್ತಿದ. ತನ್ನದೊಂದು ಬ್ಯಾಟರಿ ಸೇರಿಸಿದ. ಸ್ವಿಚ್ಚಿಗೆ ಬೆರಳು ಹಾಕಿದರೆ ಅದು ಆಗಲೇ ಆನ್ ಆಗಿತ್ತು. ಆದರೆ ಠಾಣೆಯಲ್ಲಿ ಯಾರಾದರೂ ತಿರುಗಿಸಿರಬಹುದು, ಅಷ್ಟರಿಂದಲೇ ಏನೂ ಹೇಳಲಾಗದು. ಬಲ್ಬುಗಳು ಒಡೆದಿದ್ದವು. ಫ್ಯೂಸು ಸುಟ್ಟಿರಲಿಲ್ಲ. ಸ್ವಿಚ್ಚು ಆರಿಸಿ ಮತ್ತೆ ಹಾಕಿದಾಗ ರಿಲೇ ಟಕ್ ಎಂದಿತು. ಸ್ವಿಚ್ಚಿನಿಂದ ಬರುವುದು ಸಣ್ಣ ಕರೆಂಟು. ಅದು ರಿಲೇಯನ್ನು ಎಬ್ಬಿಸಿದರೆ ಸಾಕು, ಬ್ಯಾಟರಿಯ ದೊಡ್ಡ ಕರೆಂಟು ರಿಲೇ ದಾಟಿ, ಒಂದೇ ವೈರಿನಲ್ಲಿ ಒಂದಷ್ಟು ದೂರ ಹೋಗಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಕವಲಾಗುತ್ತದೆ. ರಿಲೇ ಬಾಯಲ್ಲಿ ಟೆಸ್ಟ್ ಲ್ಯಾಂಪು ಉರಿಯಿತು. ಕವಲಿನ ಹತ್ತಿರ ಉರಿಯಲಿಲ್ಲ.

ನಡುವೆ ಇದ್ದದ್ದು ಅವನದೇ ಜಾಯಿಂಟು.

ಆ ಬೆಳಿಗ್ಗೆ ಇಲಿ ಕಡಿದಿದ್ದ ಜಾಗ. ಅಂಗಡಿಯಲ್ಲಿ ಕರೆಂಟು ಹೋಗಿತ್ತು, ಬೆಸುಗೆ ಹಾಕುವ ಕಡ್ಡಿ ಕಾಯುವಂತಿರಲಿಲ್ಲ. ನಾಮಕರಣದ ಮಗುವಿಗೆ ತಂದ ಬೆಳ್ಳಿ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಚಲುವಮ್ಮ, ಹೊತ್ತಾಯ್ತದೆ ಇಸ್ರಾರಣ್ಣ ಎಂದು ಎರಡು ಸಲ ಹೇಳಿದ್ದಳು. ಅವನು ತಂತಿಗಳನ್ನು ಹೊಸೆದು ಟೇಪು ಸುತ್ತಿದ. ಬೆಸುಗೆ ಇಲ್ಲದ ಜಾಯಿಂಟು ಬಿಸಿಯಾಗುತ್ತದೆ, ಸಡಿಲಾಗುತ್ತದೆ ಎಂದು ಗೊತ್ತಿತ್ತು. ಕತ್ತಲಾಗುವ ಮುಂಚೆ ಬಂದು ಬೆಸುಗೆ ಹಾಕಿಸಿಕೊಳ್ಳಿ ಎನ್ನಬೇಕೆಂದಿದ್ದ. ಅಷ್ಟರಲ್ಲಿ ಯಾವುದೋ ಲಾರಿಯವನು ಕೂಗಿದ. ಮಾತು ಬಾಯಲ್ಲೇ ಉಳಿಯಿತು.

ಈಗ ಟೇಪು ಕರಗಿ ಜಾರಿತ್ತು. ಬೇರೆಯಾದ ಎರಡು ತುದಿಗಳೂ ಕಿಡಿ ಹಾರಿ ಕರ್ರಗೆ ಸುಟ್ಟಿದ್ದವು. ಕರೆಂಟು ಹರಿಯುತ್ತಿರುವಾಗ ಬಿಟ್ಟುಕೊಂಡರೆ ಮಾತ್ರ ಹಾಗಾಗುವುದು. ತಿಮ್ಮರಾಜು ಲೈಟು ಹಾಕಿಕೊಂಡೇ ಬಂದಿದ್ದ. ಟ್ರಾಕ್ಟರಿನವನು ಹೇಳಿದ್ದೂ ಸುಳ್ಳಲ್ಲ, ತಿರುವಿನಲ್ಲಿ ಎರಡೂ ಲೈಟು ಒಮ್ಮೆಗೇ ಆರಿಹೋಗಿದ್ದವು.

ಕಟಿಂಗ್ ಪ್ಲೇಯರು ಕೈಯಲ್ಲೇ ಇತ್ತು. ಎರಡು ತುದಿ ಕತ್ತರಿಸಿ ಎಸೆದರೆ ಯಾರಿಗೂ ತಿಳಿಯುವಂತಿರಲಿಲ್ಲ. ಇಸ್ರಾರ್ ಪ್ಲೇಯರನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಯಾವುದನ್ನೂ ಮುಟ್ಟದೆ ಬಾನೆಟ್ಟು ಇಳಿಸಿದ.

ಮರುದಿನ ದೇವಲಾಪುರಕ್ಕೆ ಹೋದ. ತಿಮ್ಮರಾಜು ಕೊಟ್ಟಿಗೆ ಮುಂದೆ ಹುಲ್ಲು ಬಿಡಿಸುತ್ತಿದ್ದ. ಇಸ್ರಾರ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಇಲಿ ಕಡಿದದ್ದು, ಕರೆಂಟು ಹೋದದ್ದು, ಹೇಳದೆ ಉಳಿದ ಮಾತು.

"ನೀನು ಲೈಟ್ ಆಕಿದ್ದೆ ಕಣ್ಲಾ ತಿಮ್ಮ. ತಪ್ಪು ನಂದು."

ತಿಮ್ಮರಾಜು ಹುಲ್ಲಿನ ಮೇಲೆ ಕುಸಿದು ಕೂತ. ಬೈಯಲಿಲ್ಲ. ಅಂಗೈಯಿಂದ ಮುಖ ಮುಚ್ಚಿಕೊಂಡು ಅತ್ತ. ಒಂದೂವರೆ ತಿಂಗಳಲ್ಲಿ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡ ಹೇಮಶ್ರೀ ಹೊರಗೆ ಬಂದಳು. ಅಪ್ಪನ ಪಕ್ಕದಲ್ಲಿ ಕೂತು ಅವನ ತೋಳು ಹಿಡಿದುಕೊಂಡಳು. ಆಮೇಲೆ ಇಸ್ರಾರನ ಕಡೆ ತಿರುಗಿದಳು.

"ಒಂದ್ ಮಾತು ಹೇಳ್ಬೋದಾಗಿತ್ತಲ್ಲ ಮಾಮ."



ಇಸ್ರಾರ್ ಅಲ್ಲಿಂದ ನೇರ ಠಾಣೆಗೆ ಹೋಗಿ ಅದನ್ನೇ ಬರೆದುಕೊಟ್ಟ. ತಿರುವಿನಲ್ಲಿ ಗಾಡಿ ನಿಲ್ಲಿಸಿದ್ದ ಟ್ರಾಕ್ಟರಿನವನ ಜೊತೆ ಅವನ ಹೆಸರೂ ಕೇಸಿಗೆ ಸೇರಿತು, ಅದಿನ್ನೂ ನಡೆಯುತ್ತಿದೆ. ಹೇಮಶ್ರೀ ಈಗ ಅಪ್ಪನ ಎದುರಿಗೇ ಕೂತು ಉಣ್ಣುತ್ತಾಳೆ. ತಿಮ್ಮರಾಜು ಆ ಅಂಗಡಿಗೆ ಮತ್ತೆ ಬರಲಿಲ್ಲ. ಪೇಟೆ ಬೀದಿಯಲ್ಲಿ ಎದುರಾದರೆ ಕ್ಷಣ ಹೊತ್ತು ನಿಲ್ಲುತ್ತಾನೆ, ಉಂಡ್ಯಾ ಎಂದು ಕೇಳಿ ಮುಂದಕ್ಕೆ ಹೋಗುತ್ತಾನೆ. ಇಸ್ರಾರ್ ಹೂಂ ಎನ್ನುತ್ತಾನೆ, ಉಂಡಿರಲಿ ಬಿಡಲಿ.