ಕುಂಬಳಕಾಯಿಯ ಮೇಲೆ ಎತ್ತಿದ ಕೊಡಲಿ

ದೇವಿಕೊಪ್ಪದ ಕಂಬಾರ ಹುಲಿಗೆಪ್ಪನ ಕುಲುಮೆ ಮುಂಜಾನೆ ಕುಲುಮೆ, ಸಂಜೆ ಹಲ್ಲಿನ ದವಾಖಾನೆ. ಊರಿನ ಹುಳುಕು ಹಲ್ಲುಗಳೆಲ್ಲ ಅವನ ಇಕ್ಕಳ ಕಂಡವೇ. ಅವನಲ್ಲಿ ಮದ್ದಿರಲಿಲ್ಲ, ಕಥೆಯಿತ್ತು. ನೋವು ತಿಂದವರನ್ನು ಮಣೆಯ ಮೇಲೆ ಕೂರಿಸಿ ರಾಜ-ರಾಣಿಯರ ಕಥೆ ಶುರುಮಾಡುತ್ತಿದ್ದ. ಕೇಳುವವರ ಬಾಯಿ ತಾನಾಗಿ ತೆರೆದುಕೊಂಡಾಗ ಹಲ್ಲು ಕಿತ್ತುಬಿಡುತ್ತಿದ್ದ. ಹಲ್ಲು ಕಿತ್ತು ಬಂದ ಮೇಲೆ ಕಥೆ ಯಾರಿಗೆ ಬೇಕು? ಹೀಗಾಗಿ ದೇವಿಕೊಪ್ಪದ ತುಂಬ ಅರ್ಧ ಕಥೆಗಳೇ ಓಡಾಡಿಕೊಂಡಿದ್ದವು.

ಅಂಥ ಹುಲಿಗೆಪ್ಪನಿಗೇ ದವಡೆ ಹಲ್ಲು ನೋಯತೊಡಗಿತು. ತಾನೇ ಇಕ್ಕಳ ಹಿಡಿದು ತನಗೇ ಕಥೆ ಹೇಳಿಕೊಂಡ. ಬಾಯಿ ತೆರೆಯಿತು, ಕೈ ಏಳಲಿಲ್ಲ. ಮೂರು ದಿನ ಅಂಬಲಿ ಕುಡಿದು, ನಾಲ್ಕನೆಯ ದಿನ ರುಮಾಲನ್ನು ಗಲ್ಲದವರೆಗೆ ಸುತ್ತಿಕೊಂಡು ಪಕ್ಕದೂರು ತಂಬೂರಿಗೆ ಹೊರಟ. ಅಲ್ಲಿನ ಸಾಲೆಗೆ ತಿಂಗಳಿಗೊಮ್ಮೆ ಸರಕಾರಿ ಜೀಪಿನಲ್ಲಿ ಹಲ್ಲಿನ ಡಾಕ್ಟರಮ್ಮ, ಜನರ ಬಾಯಲ್ಲಿ ‘ಬಾಯಾರು’, ಬರುತ್ತಿದ್ದರು. ತನ್ನೂರಿನವರು ಕಂಡುಬಿಟ್ಟರೆ ಆಮೇಲೆ ತನ್ನ ಮಣೆಯ ಮೇಲೆ ಬೆಕ್ಕೂ ಕೂರಲಿಕ್ಕಿಲ್ಲ ಎಂಬುದೇ ಅವನ ಅಳುಕು.

ಪಡಸಾಲೆಯಲ್ಲಿ ಪಾಳಿಗೆ ಕೂತು ಬಾಜೂಕ್ಕೆ ನೋಡಿದರೆ, ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡ ಫಕೀರವ್ವ! ಅವನ ಓಣಿಯ ಮುದುಕಿ.

“ನಿನಗ ಬ್ಯಾಸರ ಆಗಬಾರದಂತ ನಾ ಕದ್ದು ಬಂದೀನಿ,” ಅಂದಳು. “ನೀ ಯಾರಿಗೆ ಅಂಜಿ ಬಂದೀಯೋ ಹುಲಿಗ್ಯಾ?”

ಅವನು ತಂಗಿಯ ಮನೆಗೆ ಬಂದೆನೆಂದು ಗೊಣಗಿದ. ಅವನ ತಂಗಿಯನ್ನು ದೂರದ ಕುಂದಗೋಳಕ್ಕೆ ಕೊಟ್ಟ ಮದುವೆಯಲ್ಲಿ ಬುಂದಿ ಬಡಿಸಿದವಳೇ ಫಕೀರವ್ವ.

ಅವಳ ಹಲ್ಲು ಸೂಜಿಮದ್ದಿನಲ್ಲಿ ಹೂವಿನಂತೆ ಬಂತು. ಹುಲಿಗೆಪ್ಪ ಮಾಸ್ತರರ ಕುರ್ಚಿಯಲ್ಲಿ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುವಷ್ಟರಲ್ಲಿ ಆ ಮದ್ದು ತೀರಿತ್ತು. ಹೇಗೂ ಹಲ್ಲು ಸಡಿಲಾಗಿದೆ, ತಡೆದುಕೊಂಡರೆ ಈಗಲೇ ತೆಗೆಯುವೆ, ಇಲ್ಲವಾದರೆ ಮುಂದಿನ ತಿಂಗಳು ಅಂದರು ಬಾಯಾರು. ಹುಲಿಗೆಪ್ಪನ ಬಾಯಿ ಅಗಳಿ ಹಾಕಿಕೊಂಡಿತು.

ಕೊನೆಯ ಸೂಜಿ ತನಗೆ ಬಿತ್ತೆಂಬ ಮುಲಾಜಿಗೋ ಏನೋ, ಫಕೀರವ್ವ ಅವನೆದುರು ಕೂತು, ಜೋಮುಗಟ್ಟಿದ ಬಾಯಿಯ ಒಂದೇ ಬದಿಯಿಂದ ಕಥೆ ತೆಗೆದಳು. ರಾಜನ ಸೊಸೆ ಅತ್ತೆಯ ಕಾಟ ತಾಳದೆ ಬಂಡಿಗಾತ್ರದ ಕುಂಬಳಕಾಯಿಯೊಳಗೆ ಅಡಗಿ ಕೂತಳು. ಅಡಿಗೆಯವನು ಅದೇ ಕಾಯಿಯನ್ನು ಉರುಳಿಸಿಕೊಂಡು ಬಂದ. ಇದು ತನ್ನದೇ ಕಥೆಯೆಂದು ಗೊತ್ತಿದ್ದರೂ ಹುಲಿಗೆಪ್ಪನ ಕಿವಿ ನಿಮಿರಿತು. ಅಡಿಗೆಯವನು ಕೊಡಲಿ ಎತ್ತಿದ. ಹುಲಿಗೆಪ್ಪನ ಬಾಯಿ ಕಾಳು ತುಂಬುವ ಹಗೇವಿನಂತೆ ತೆರೆಯಿತು. ಹಲ್ಲು ಬಾಯಾರ ಇಕ್ಕಳದಲ್ಲಿತ್ತು.

“ಮುಂದ?” ಅಂದ ಹತ್ತಿ ಕಚ್ಚಿಕೊಂಡೇ.

“ಅದನ್ನ ನಾ ನಿನಗ ಕೇಳಬೇಕು. ಹನ್ನೆರಡು ವರ್ಷದ ಹಿಂದ ಇಷ್ಟಕ್ಕ ನಿಲ್ಲಿಸಿ ನನ್ನ ಹಲ್ಲು ಕಿತ್ತಿದ್ದಿ. ಆವತ್ತಿಂದ ಆ ಹುಡುಗಿ ಕಾಯಿಯೊಳಗ ಕುಂತಾಳ, ಕೊಡಲಿ ಗಾಳ್ಯಾಗ ನಿಂತೈತಿ. ಕುಂಬಳಕಾಯಿ ಹೆಚ್ಚಾಕ ನನಗ ಕೈ ಬರವಲ್ದು.”

ಹುಲಿಗೆಪ್ಪ ಪೆಚ್ಚಾದ. ಯಾವ ಕಥೆಗೂ ಅವನು ಕೊನೆ ಇಟ್ಟುಕೊಂಡಿರಲಿಲ್ಲ. ಊರು ಮುಟ್ಟುವವರೆಗೆ ಯೋಚಿಸುತ್ತಲೇ ನಡೆದ.

ಮರುದಿನ ಸಂಜೆ ಫಕೀರವ್ವ ಒಬ್ಬಳೇ ಬರಲಿಲ್ಲ. ಹಲ್ಲು ಕಳಕೊಂಡವರನ್ನೆಲ್ಲ ಕರೆದುಕೊಂಡು ಬಂದು ಕುಲುಮೆಯ ಮುಂದೆ ಕೂತಳು. ಅವನ ಗುಟ್ಟನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕಥೆ ಹೇಳಬೇಕಾದರೆ ರುಮಾಲು ಬಿಚ್ಚಬೇಕು, ಬಿಚ್ಚಿದರೆ ಬಾತ ಗಲ್ಲ ಕಾಣುತ್ತದೆ. ಹುಲಿಗೆಪ್ಪ ಬಿಚ್ಚಿಯೇಬಿಟ್ಟ.

“ತಂಬೂರಾಗ ಬಾಯಾರು ತೆಗದ್ರು. ಮುಂದಿನ ತಿಂಗಳು ಯಾರ‍್ಯಾರು ಬರ್ತೀರಿ, ಕೂಡೇ ಹೋಗೂಣು. ಇಕ್ಕಳ ಅವರದು, ಕಥಿ ನಂದು.”

ನಂತರ ಗಂಟಲು ಸರಿಮಾಡಿಕೊಂಡು, ಅಡಿಗೆಯವನು ಎತ್ತಿದ್ದ ಆ ಕೊಡಲಿಯನ್ನು ಕಾಯಿಗೆ ತಾಗದಂತೆ ಬಲು ನಿಧಾನವಾಗಿ ಕೆಳಗಿಳಿಸಿದ.